ರುದ್ರದೇವ ಮಹಾರಾಜ ಎಂಬ ಮಗಳು

ರಾಯಚೂರು ಕೋಟೆಯ ಒಳಗೋಡೆಯ ಪಡುವಣ ಭಾಗದಲ್ಲಿ ಒಂದು ಭಾರಿ ಕಲ್ಲಿದೆ. ಉದ್ದ ಸುಮಾರು 41 ಅಡಿ. ಇಷ್ಟು ಉದ್ದದ ಒಂದೇ ಕಲ್ಲನ್ನು ಆ ಕಾಲದಲ್ಲಿ ಹೇಗೆ ತಂದರು ಎಂದು ನೋಡಿದವರೆಲ್ಲ ಕೇಳುತ್ತಾರೆ. ಉತ್ತರವನ್ನು ಕಟ್ಟಿದವರೇ ಗೋಡೆಯ ಮೇಲೆ ಕೊರೆದಿಟ್ಟಿದ್ದಾರೆ: ಬಂಡಿಯ ಮೇಲೆ ಮಲಗಿಸಿದ ಕಲ್ಲು, ಅದನ್ನು ಎಳೆಯುವ ಕೋಣಗಳ ಉದ್ದನೆಯ ಸಾಲು, ನೊಗದ ಮೇಲೆ ಕೂತು ಅವನ್ನು ಹೊಡೆಯುವವರು, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಆಳುಗಳು. ರಾಜರ ಕೋಟೆಯ ಗೋಡೆಯಲ್ಲಿ ಕೂಲಿಯವರ ಬೆವರಿಗೆ ಇಷ್ಟು ಜಾಗ ಸಿಕ್ಕಿದ್ದು ಅಪರೂಪವೇ.

ಆ ಕಲ್ಲಿನ ಮೇಲೆ ಕ್ರಿ.ಶ. 1294ರ ಶಾಸನವಿದೆ. ಗೋರೆ ಗಂಗಯ್ಯ ರೆಡ್ಡಿ ಎಂಬ ಮಾಂಡಲಿಕನ ಅಧಿಕಾರಿ ವಿಠ್ಠಲ ಆದವಾನಿ, ತುಂಬುಳ, ಮಾನುವ, ಹಾಲುವ ಎಂಬ ಕೋಟೆಗಳನ್ನು ಹಿಡಿದು, ಕೊನೆಗೆ ರಾಯಚೂರನ್ನು ಹೊಕ್ಕು, ಊರಿನ ರಕ್ಷಣೆಗೆ ಈ ಕೋಟೆ ಕಟ್ಟಿಸಿದ ಎಂಬುದು ಅದರ ಸಾರ. ಆದವಾನಿ ಇಂದಿನ ಆದೋನಿ. ಮಾನುವ ನಮ್ಮ ರಾಯಚೂರು ಜಿಲ್ಲೆಯ ಮಾನ್ವಿ. ಮಲ್ಲಟ, ದೇವದುರ್ಗ, ಮಾನ್ವಿ ಸೀಮೆಯ ನೆಲ ಸುಮಾರು 730 ವರ್ಷಗಳ ಹಿಂದೆ ಒಬ್ಬ ದಂಡನಾಯಕನ ಕಾಲಡಿ ಹೀಗೆ ಕೈ ಬದಲಾಯಿಸಿತು. ವಿಠ್ಠಲನ ಒಡೆಯ ಗಂಗಯ್ಯ ರೆಡ್ಡಿಯನ್ನು ವಿದ್ವಾಂಸರು ತೆಲುಗು ನಾಡಿನಲ್ಲಿ ಮನೆಮಾತಾಗಿರುವ ಗೋನ ಗನ್ನಾರೆಡ್ಡಿ ಎಂದು ಗುರುತಿಸುತ್ತಾರೆ. ಅವನ ಒಡೆಯ ಓರುಗಲ್ಲಿನ, ಅಂದರೆ ವಾರಂಗಲ್ಲಿನ, ಕಾಕತೀಯ ಪ್ರತಾಪರುದ್ರ. ಪ್ರತಾಪರುದ್ರನಿಗೆ ಸಿಂಹಾಸನ ಬಂದದ್ದು ಅಪ್ಪನಿಂದಲ್ಲ, ಅಜ್ಜಿಯಿಂದ. ತಾಯಿಯ ತಾಯಿ. ಹೆಸರು ರುದ್ರಮದೇವಿ.

ರಾಯಚೂರಿನ ಆ ಕಲ್ಲು ಗೋಡೆಗೆ ಏರುವ ಹೊತ್ತಿಗೆ ಆಕೆ ತೀರಿಕೊಂಡು ಐದು ವರ್ಷ ಕಳೆದಿತ್ತು. ಆದರೆ ಕಾಕತೀಯ ಸೇನೆ ಕೃಷ್ಣೆ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿಗೆ ಕಾಲಿಡುವಷ್ಟು ಗಟ್ಟಿಯಾಗಿ ಉಳಿದಿದ್ದರೆ, ಅದು ಆಕೆಯ ಸುಮಾರು ಕಾಲು ಶತಮಾನದ ಆಳ್ವಿಕೆಯ ಗಳಿಕೆ. ಆ ಆಳ್ವಿಕೆಯ ಕಥೆಯಷ್ಟೇ ಕುತೂಹಲದ್ದು, ಅದನ್ನು ಚರಿತ್ರೆಕಾರರು ಕಲ್ಲಿನಿಂದ ಕಲ್ಲಿಗೆ ಹುಡುಕಿ ಬಿಡಿಸಿದ ಕಥೆ. ಏಕೆಂದರೆ ಬಹಳ ಕಾಲ ಆಕೆ ಯಾರ ಮಗಳು, ಯಾರ ಹೆಂಡತಿ, ಯಾವಾಗ ಸತ್ತಳು ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ.

ಹೊರಗಿನ ಜಗತ್ತಿಗೆ ಆಕೆಯ ಸುದ್ದಿ ಮೊದಲು ಮುಟ್ಟಿದ್ದು ಮಾರ್ಕೋ ಪೋಲೋನ ಬರಹದಿಂದ. 13ನೇ ಶತಮಾನದ ಕೊನೆಯಲ್ಲಿ ಚೀನಾದಿಂದ ಸಮುದ್ರದ ದಾರಿಯಲ್ಲಿ ಮರಳುತ್ತಿದ್ದ ಈ ವೆನಿಸ್ ವರ್ತಕ ತೆಲುಗು ಕರಾವಳಿಯ ರಾಜ್ಯವನ್ನು ‘ಮುತ್ಫಿಲಿ’ ಎಂದು ಕರೆದ. ಅದು ಮೋಟುಪಲ್ಲಿ ಬಂದರು. ಇಲ್ಲಿ ಒಬ್ಬ ರಾಣಿ ಆಳುತ್ತಾಳೆ, ಬಹಳ ವಿವೇಕಿ, ನ್ಯಾಯ ಮತ್ತು ಶಾಂತಿಯನ್ನು ಪ್ರೀತಿಸುವವಳು, ಗಂಡ ಸತ್ತ ಮೇಲೆ 40 ವರ್ಷ ರಾಜ್ಯವನ್ನು ಅವನಷ್ಟೇ ಚೆನ್ನಾಗಿ ನಡೆಸಿದ್ದಾಳೆ ಎಂದು ಬರೆದ. ಅಲ್ಲಿನ ವಜ್ರಗಳನ್ನೂ ಜೇಡರ ಬಲೆಯಷ್ಟು ತೆಳುವಾದ ಬಟ್ಟೆಯನ್ನೂ ಹೊಗಳಿದ. ಹೊಗಳಿಕೆ ಸರಿ, ‘ಗಂಡ ಸತ್ತ ಮೇಲೆ’ ಎಂಬುದು ತಪ್ಪು. ಹೆಣ್ಣೊಬ್ಬಳು ಸಿಂಹಾಸನದಲ್ಲಿ ಕೂತಿದ್ದರೆ ಆಕೆ ಸತ್ತ ರಾಜನ ವಿಧವೆಯೇ ಆಗಿರಬೇಕೆಂದು ಬಂದರಿನಲ್ಲಿ ಅವನಿಗೆ ಹೇಳಿದವರು ಅಂದುಕೊಂಡರೋ, ಕೇಳಿದವನು ಅಂದುಕೊಂಡನೋ. ಈ ತಪ್ಪು ಅಲ್ಲಿಗೇ ನಿಲ್ಲಲಿಲ್ಲ. ರುದ್ರಮದೇವಿ ತನಗಿಂತ ಹಿಂದಿನ ಅರಸ, ಅಸಲಿಗೆ ಆಕೆಯ ತಂದೆಯೇ ಆದ ಗಣಪತಿದೇವನ ಪತ್ನಿ ಎಂಬ ಮಾತು 19ನೇ ಶತಮಾನದ ಬರಹಗಳಲ್ಲೂ ಸುಳಿದಾಡಿತು. ಮಗಳಿಗೆ ರಾಜ್ಯ ಬರಬಹುದೆಂಬ ಕಲ್ಪನೆಯೇ ಆ ಬರಹಗಾರರಿಗೆ ಕಷ್ಟವಾಗಿತ್ತೆಂದು ನನಗೆ ಅನ್ನಿಸುತ್ತದೆ.

ಶಾಸನಗಳನ್ನಾದರೂ ಓದಿ ತಿಳಿಯೋಣವೆಂದರೆ ಅಲ್ಲಿ ಇನ್ನೊಂದು ತೊಡಕು. ಆಕೆಯ ಕಾಲದ ಎಷ್ಟೋ ಶಾಸನಗಳಲ್ಲಿ ರಾಣಿಯೇ ಇಲ್ಲ. ಇರುವುದು ‘ರುದ್ರದೇವ ಮಹಾರಾಜ’. ಗಂಡಸಿನ ಹೆಸರು, ಗಂಡಸಿನ ಬಿರುದು. ಸಾಲದ್ದಕ್ಕೆ ಅದೇ ವಂಶದಲ್ಲಿ ಗಣಪತಿದೇವನ ದೊಡ್ಡಪ್ಪನ ಹೆಸರೂ ರುದ್ರದೇವನೇ; ಹನುಮಕೊಂಡದ ಸಾವಿರ ಕಂಬದ ಗುಡಿಯಲ್ಲಿ 1163ರ ಶಾಸನ ಬರೆಸಿದವನು ಅವನು. ಯಾವ ರುದ್ರದೇವ ಗಂಡು, ಯಾವ ರುದ್ರದೇವ ಹೆಣ್ಣು ಎಂಬುದನ್ನು ಶಕವರ್ಷ ನೋಡಿ, ಹೇಳಿರುವ ಸೇನಾನಿಗಳ ಹೆಸರು ನೋಡಿ ಬೇರ್ಪಡಿಸಬೇಕಾಯಿತು.

ಇಂಥದೇ ಗೋಜಲು ಜಗತ್ತಿನ ಇನ್ನೊಂದು ಮೂಲೆಯಲ್ಲೂ ವಿದ್ವಾಂಸರನ್ನು ಕಾಡಿತ್ತು. ಈಜಿಪ್ಟಿನ ಚಿತ್ರಲಿಪಿ ಬಿಡಿಸಿದ ಶಾಂಪೋಲಿಯೋ 1829ರಲ್ಲಿ ನೈಲ್ ದಂಡೆಯ ದೇರ್ ಅಲ್ ಬಹರಿ ದೇಗುಲಕ್ಕೆ ಹೋದಾಗ, ಗೋಡೆಯಲ್ಲಿ ಗಡ್ಡ ಕಟ್ಟಿಕೊಂಡು ಫೇರೋನ ಉಡುಗೆಯಲ್ಲಿ ನಿಂತ ರಾಜನನ್ನು ಕಂಡ. ಆದರೆ ಪಕ್ಕದ ಬರಹದಲ್ಲಿ ಆ ರಾಜನಿಗೆ ಹಚ್ಚಿದ ಪದಗಳೆಲ್ಲ ಸ್ತ್ರೀಲಿಂಗದಲ್ಲಿದ್ದವು. ಅದು ಹತ್ಶೆಪ್ಸುತ್, ಕ್ರಿ.ಪೂ. 15ನೇ ಶತಮಾನದಲ್ಲಿ ಸುಮಾರು 20 ವರ್ಷ ಈಜಿಪ್ಟನ್ನು ಆಳಿದವಳು. ಒಂದನೇ ಥುತ್ಮೋಸನ ಮಗಳು, ಎರಡನೇ ಥುತ್ಮೋಸನ ರಾಣಿ. ಪುಂಟ್ ದೇಶಕ್ಕೆ ಹಡಗು ಕಳಿಸಿ ಧೂಪದ ಗಿಡಗಳನ್ನು ತರಿಸಿದವಳು. ಸತ್ತ ಎಷ್ಟೋ ವರ್ಷಗಳ ಮೇಲೆ ಆಕೆಯ ಹೆಸರನ್ನು ಗೋಡೆಗಳಿಂದ ಉಳಿಯಿಂದ ಕೆತ್ತಿ ತೆಗೆದರು, ಮೂರ್ತಿಗಳನ್ನು ಒಡೆದರು. ರುದ್ರಮದೇವಿಗೆ ಆ ಗತಿ ಬರಲಿಲ್ಲ; ಮೊಮ್ಮಗ ಅಜ್ಜಿಯ ಹೆಸರನ್ನು ಅಳಿಸಲಿಲ್ಲ. ಆದರೆ ಎರಡು ಕಡೆಯೂ ಒಂದು ಮಾತು ನಿಜ. ಸಿಂಹಾಸನಕ್ಕೆ ಗಂಡಸಿನ ಅಳತೆ ಇತ್ತು. ಅದರಲ್ಲಿ ಕೂತ ಹೆಣ್ಣು ಹೊರನೋಟಕ್ಕಾದರೂ ಆ ಅಳತೆಗೆ ಹೊಂದಬೇಕಿತ್ತು. ಅಮೆರಿಕದ ಚರಿತ್ರೆಕಾರ್ತಿ ಸಿಂಥಿಯಾ ಟಾಲ್ಬಟ್ ರುದ್ರಮದೇವಿಯನ್ನು ‘ಹೆಣ್ಣು ರಾಜ’ ಎಂದೇ ಕರೆದು ಅಧ್ಯಯನ ಮಾಡಿದ್ದಾರೆ.

ಕಾಕತೀಯರು ಕನ್ನಡಿಗರಿಗೆ ಹೊರಗಿನವರೇನಲ್ಲ. ಅವರ ಹಿರಿಯರು ಕಲ್ಯಾಣ ಚಾಲುಕ್ಯರ ಸಾಮಂತರು. ಹನುಮಕೊಂಡದ ಗುಡ್ಡದ ಮೇಲಿನ ಪದ್ಮಾಕ್ಷಿ ಗುಡಿಯ ಬಳಿ ಪ್ರೋಲರಾಜನ ಕಾಲದ 1117ರ ಶಾಸನ ಕನ್ನಡದಲ್ಲಿದೆ, ತೇದಿ ಚಾಲುಕ್ಯ ವಿಕ್ರಮ ವರ್ಷದಲ್ಲಿದೆ. ಕಲ್ಯಾಣದ ಸಾಮ್ರಾಜ್ಯ ಸಡಿಲವಾದಾಗ ದೇವಗಿರಿಯ ಸೇವುಣರು, ದೋರಸಮುದ್ರದ ಹೊಯ್ಸಳರು ಸ್ವತಂತ್ರರಾದಂತೆ ಓರುಗಲ್ಲಿನವರೂ ಆದರು. ಆ ಮೂವರ ಎಳೆದಾಟದ ನಡುವೆ ಸಿಕ್ಕಿದ್ದು ನಮ್ಮ ಎರಡು ನದಿಗಳ ನಡುವಿನ ಕಪ್ಪು ಮಣ್ಣು.

ಗಣಪತಿದೇವ 1199ರಿಂದ 60 ವರ್ಷಕ್ಕೂ ಮೀರಿ ಆಳಿದ. ಮೋಟುಪಲ್ಲಿಗೆ ಬರುವ ಹಡಗಿನ ವ್ಯಾಪಾರಿಗಳಿಗೆ ಅಭಯಶಾಸನ ಕೊಟ್ಟ. ಹಡಗು ಒಡೆದು ದಡಕ್ಕೆ ಬಿದ್ದ ಸರಕನ್ನು ಹಿಂದಿನ ಅರಸರಂತೆ ಕಿತ್ತುಕೊಳ್ಳುವುದಿಲ್ಲ, ಗೊತ್ತುಮಾಡಿದ ಸುಂಕ ಮಾತ್ರ ತೆಗೆದುಕೊಳ್ಳುತ್ತೇವೆ ಎಂದು ಕಂಬದ ಮೇಲೆ ಬರೆಸಿದ. ಎಲ್ಲ ಇತ್ತು, ಗಂಡು ಮಕ್ಕಳಿರಲಿಲ್ಲ. ಒಬ್ಬ ಮಗಳು ಗಣಪಾಂಬ, ಧರಣಿಕೋಟದ ಕೋಟ ವಂಶದ ಬೇತರಾಜನನ್ನು ಮದುವೆಯಾದಳು. ಇನ್ನೊಬ್ಬಳು ರುದ್ರಮ, ನಿಡದವೋಲಿನ ಚಾಲುಕ್ಯ ವಂಶದ ವೀರಭದ್ರನ ಹೆಂಡತಿ. ಅಳಿಯನನ್ನು ಸಿಂಹಾಸನಕ್ಕೆ ಕೂರಿಸುವ ದಾರಿ ಸುಲಭವಿತ್ತು. ಮುದುಕ ಅರಸ ಅದನ್ನು ಬಿಟ್ಟು ಮಗಳನ್ನೇ ಮಗನೆಂದು ಸಾರಿ, ಗಂಡಸಿನ ಹೆಸರಿಟ್ಟು, ತಾನು ಬದುಕಿರುವಾಗಲೇ ಆಡಳಿತಕ್ಕೆ ಹಚ್ಚಿದ. ಪ್ರತಾಪರುದ್ರನ ಆಸ್ಥಾನದ ವಿದ್ಯಾನಾಥ ತನ್ನ ಅಲಂಕಾರಗ್ರಂಥದಲ್ಲಿ ಇದನ್ನು ಹೇಳಿದ್ದಾನೆ. ವೀರಭದ್ರ ಚರಿತ್ರೆಯಲ್ಲಿ ಹೆಚ್ಚಿಗೆ ಕಾಣಿಸಿಕೊಳ್ಳುವುದೇ ಇಲ್ಲ.

ಆಕೆ ಯಾರ ಮಗಳು ಎಂಬ ಗೊಂದಲವನ್ನು ತೀರಿಸಿದ ಕಲ್ಲುಗಳಲ್ಲಿ ಮುಖ್ಯವಾದದ್ದು ಗುಂಟೂರು ಸೀಮೆಯ ಮಲ್ಕಾಪುರದ 1261ರ ಶಾಸನ. ನಂದಿಕಂಬದ ಮೇಲೆ ಕೆತ್ತಿದ ಉದ್ದನೆಯ ಬರಹ ಅದು. ರಾಜಗುರು ವಿಶ್ವೇಶ್ವರ ಶಿವಾಚಾರ್ಯರಿಗೆ ಗಣಪತಿದೇವ ಮಂದಡ ಗ್ರಾಮ ಕೊಡುವುದಾಗಿ ಮಾತು ಕೊಟ್ಟಿದ್ದ. ಮಗಳು ರುದ್ರಮದೇವಿ ಆ ಮಾತು ನಡೆಸಿ, ಜೊತೆಗೆ ವೆಲಗಪೂಡಿಯನ್ನೂ ಧಾರೆಯೆರೆದಳು. ಆಚಾರ್ಯರು ಆ ಊರುಗಳ ಹುಟ್ಟುವಳಿಯನ್ನು ಮೂರು ಪಾಲು ಮಾಡಿದರು. ಒಂದು ದೇವಸ್ಥಾನಕ್ಕೆ, ಒಂದು ಮಠಕ್ಕೂ ವಿದ್ಯಾರ್ಥಿಗಳಿಗೂ, ಮೂರನೆಯದು ಪ್ರಸೂತಿಶಾಲೆ, ಆರೋಗ್ಯಶಾಲೆ ಮತ್ತು ಊಟದ ಸತ್ರಕ್ಕೆ. ಮೂರು ವೇದಗಳನ್ನು ಕಲಿಸಲು ಮೂವರು, ವ್ಯಾಕರಣ, ತರ್ಕ, ಸಾಹಿತ್ಯ, ಆಗಮ ಮೊದಲಾದವಕ್ಕೆ ಐವರು, ಒಬ್ಬ ವೈದ್ಯ, ಒಬ್ಬ ಲೆಕ್ಕಿಗ. ಬಾಣಂತಿಯರಿಗೆಂದು ಒಂದು ಮನೆಯನ್ನು ಬೇರೆಯೇ ಮೀಸಲಿಟ್ಟ ಮಾತು ಆ ಕಾಲದ ಶಾಸನಗಳಲ್ಲಿ ತೀರ ವಿರಳ. ಆಳುವವಳು ಹೆಣ್ಣಾಗಿದ್ದಕ್ಕೇ ಇದು ನಡೆಯಿತೆಂದು ಹೇಳಲು ಶಾಸನದ ಆಧಾರವಿಲ್ಲ. ಆದರೂ ಆಕೆಯ ದಾನದ ಮೇಲೆ ಆ ಪ್ರಸೂತಿಶಾಲೆ ನಿಂತಿತ್ತು ಎಂಬುದು ಕಲ್ಲಿನಲ್ಲಿರುವ ಮಾತು. ಅದೇ ವೆಲಗಪೂಡಿಯಲ್ಲಿ ಈಗ ಆಂಧ್ರಪ್ರದೇಶದ ಸಚಿವಾಲಯವಿದೆ.

ಪಟ್ಟಕ್ಕೆ ಬಂದ ಹೊಸದರಲ್ಲಿ ಸುತ್ತಲೂ ಶತ್ರುಗಳು. ದಕ್ಷಿಣದಿಂದ ಜಟಾವರ್ಮ ಸುಂದರಪಾಂಡ್ಯ ನೆಲ್ಲೂರನ್ನು ಕಿತ್ತುಕೊಂಡ. ದಾಯಾದಿಗಳಾದ ಹರಿಹರದೇವ, ಮುರಾರಿದೇವ ಎಂಬವರು ಓರುಗಲ್ಲನ್ನೇ ಹಿಡಿದರು, ಆಕೆ ಅವರನ್ನು ಸೋಲಿಸಿದಳು ಎಂದು ಪ್ರತಾಪರುದ್ರಚರಿತ್ರಮು ಹೇಳುತ್ತದೆ. ಆ ಗ್ರಂಥ ಕಾಕತೀಯರು ಅಳಿದು ಬಹಳ ಕಾಲವಾದ ಮೇಲೆ ಬರೆದದ್ದು. ಸಮಕಾಲೀನ ಶಾಸನಗಳಲ್ಲಿ ಈ ಬಂಡಾಯದ ಸೊಲ್ಲಿಲ್ಲ. ಆದ್ದರಿಂದ ಈ ಪ್ರಸಂಗವನ್ನು ಆಕೆಯ ಕಥೆಯನ್ನು ಸಿನಿಮಾ ಮಾಡಿದವರು ನೆಚ್ಚಿಕೊಂಡಷ್ಟು ಚರಿತ್ರೆಕಾರರು ನೆಚ್ಚುವಂತಿಲ್ಲ.

ಪಡುವಣದಿಂದ ಬಂದದ್ದು ದೇವಗಿರಿಯ ಸೇವುಣ ಮಹಾದೇವನ ದಂಡು. ಇದರ ಎರಡು ವರದಿಗಳು ನಮಗೆ ಸಿಗುತ್ತವೆ, ಎರಡೂ ಗೆದ್ದದ್ದು ನಾವೇ ಅನ್ನುತ್ತವೆ. ಸೇವುಣರ ಮಂತ್ರಿ ಹೇಮಾದ್ರಿಯ ಪ್ರಕಾರ ಮಹಾದೇವ ತೆಲುಗರ ಆನೆಗಳನ್ನೂ ವಾದ್ಯಗಳನ್ನೂ ಕಸಿದುಕೊಂಡ, ಹೆಂಗಸನ್ನು ಕೊಲ್ಲಬಾರದೆಂದು ರುದ್ರಮಳನ್ನು ಬಿಟ್ಟುಬಿಟ್ಟ. ತೆಲುಗಿನ ಪ್ರತಾಪರುದ್ರಚರಿತ್ರಮು ಹೇಳುವಂತೆ ಆಕೆ ಅವನನ್ನು ದೇವಗಿರಿಯವರೆಗೆ ಅಟ್ಟಿಸಿಕೊಂಡು ಹೋಗಿ ಕಪ್ಪ ವಸೂಲಿ ಮಾಡಿದಳು. ‘ಹೆಂಗಸೆಂದು ಬಿಟ್ಟೆ’ ಎಂಬುದು ಸೋತವನು ಮುಖ ಉಳಿಸಿಕೊಳ್ಳುವ ಮಾತಿನಂತೆ ಕೇಳುತ್ತದೆ, ಆದರೆ ಕಿವಿಗೆ ಹಾಗೆ ಕೇಳಿದರೆ ಸಾಲದು, ಸಾಕ್ಷಿ ಬೇಕು. ಸಾಕ್ಷಿ ಹೇಳಿದ್ದು ಮತ್ತೆ ಕಲ್ಲುಗಳೇ. ನಲ್ಗೊಂಡದ ಪಾನಗಲ್ಲಿನ 1267ರ ಶಾಸನದಲ್ಲಿ ಸೇವುಣ ವಂಶದ ಶಾರ್ಙ್ಗಪಾಣಿದೇವ ಎಂಬವನು ಕಾಕತೀಯರ ಅಧೀನನಾಗಿ ಕಾಣಿಸಿಕೊಳ್ಳುತ್ತಾನೆ. ನಮ್ಮ ಬೀದರ ಕೋಟೆಯಲ್ಲಿ ಸಿಕ್ಕ ತುಂಡು ಶಾಸನ ರುದ್ರಮದೇವಿಯ ಬಿರುದುಗಳನ್ನೂ ಆಕೆಯ ದಂಡಿನಲ್ಲಿದ್ದ ಸಿಂದ ವಂಶದ ಭೈರವನನ್ನೂ ಹೆಸರಿಸುತ್ತದೆ. ಬೀದರ ಸೇವುಣರ ಕೈಯಲ್ಲಿದ್ದ ನೆಲ. ಅಲ್ಲಿ ಆಕೆಯ ಶಾಸನ ನಿಂತಿದೆ ಎಂದರೆ ದಂಡು ಓರುಗಲ್ಲಿನಿಂದ ಪಡುವಣಕ್ಕೆ ನಡೆದಿತ್ತೇ ಹೊರತು ಅಲ್ಲೇ ಕೂತು ಪ್ರಾಣಭಿಕ್ಷೆ ಬೇಡಿರಲಿಲ್ಲ. ಹೇಮಾದ್ರಿ ದೊಡ್ಡ ವಿದ್ವಾಂಸ. ಈ ಒಂದು ವಿಷಯದಲ್ಲಿ ನಾನು ಬೀದರದ ಒಡಕು ಕಲ್ಲಿನ ಪರ.

ಹೆಣ್ಣು ಆಳುವುದು, ಕೋಟೆಗೆ ಮುತ್ತಿಗೆ ಹಾಕುವುದು ಕನ್ನಡ ನಾಡಿಗೆ ಹೊಸದಾಗಿರಲಿಲ್ಲ. ರುದ್ರಮಳಿಗಿಂತ 200 ವರ್ಷ ಮೊದಲು ಕಲ್ಯಾಣ ಚಾಲುಕ್ಯ ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದಳು. 1047ರಲ್ಲಿ ಗೋಕಾಗೆ ಕೋಟೆಯನ್ನು, ಅಂದರೆ ಗೋಕಾಕವನ್ನು, ಮುತ್ತಿದ್ದಾಗ ಆಕೆ ಕೊಟ್ಟ ದಾನದ ಶಾಸನ ಅರಸಿಬೀಡಿಯಲ್ಲಿದೆ. ಗುಣದ ಬೆಡಂಗಿ ಎಂಬುದು ಆಕೆಯ ಬಿರುದು.  ಗಮನಿಸಬೇಕಾದದ್ದು ಇಷ್ಟು: ಅಕ್ಕಾದೇವಿ ಯಾವ ಶಾಸನದಲ್ಲೂ ಗಂಡಸಿನ ಹೆಸರು ಹೊತ್ತುಕೊಳ್ಳಲಿಲ್ಲ. ಆಕೆಯ ತಲೆಯ ಮೇಲೆ ಅಣ್ಣತಮ್ಮಂದಿರ, ಆಮೇಲೆ ಸೋದರಳಿಯ ಸೋಮೇಶ್ವರನ ಛತ್ರವಿತ್ತು. ಒಂದು ನಾಡನ್ನು ಹೆಣ್ಣು ಹೆಣ್ಣಾಗಿಯೇ ಆಳಬಹುದಿತ್ತು. ಎಲ್ಲರ ಮೇಲೆ ತಾನೊಬ್ಬಳೇ ಕೂತಾಗ ಮಾತ್ರ ‘ಮಹಾರಾಜ’ ಆಗಬೇಕಾಯಿತು.

ಒಳಾಡಳಿತದಲ್ಲಿ ರುದ್ರಮದೇವಿಯ ದೊಡ್ಡ ಕೆಲಸ ಎರಡು. ಅಪ್ಪ ಶುರುಮಾಡಿದ ಓರುಗಲ್ಲಿನ ಕಲ್ಲಿನ ಕೋಟೆಯನ್ನು 20 ಅಡಿ ಎತ್ತರಕ್ಕೆ ಏರಿಸಿ, ಹೊರಗೆ ಮಣ್ಣಿನ ಕೋಟೆಯನ್ನೂ ಕಂದಕವನ್ನೂ ಕೂಡಿಸಿದಳು. ಹಳೆಯ ಮನೆತನಗಳ ಸಾಮಂತರು ಹೆಣ್ಣಿನ ಮುಂದೆ ತಲೆಬಾಗಲು ಹಿಂದೆಮುಂದೆ ನೋಡುತ್ತಿದ್ದಾಗ, ಮನೆತನದ ಹಿರಿಮೆ ಇಲ್ಲದ, ದುಡಿದು ಮೇಲೆ ಬಂದ ನಾಯಕರನ್ನು ಬೆಳೆಸಿದಳು. ಅವರ ನಿಷ್ಠೆ ನೇರವಾಗಿ ಆಕೆಗೆ. ಈ ನಾಯಕರ ಪದ್ಧತಿ ಮೊಮ್ಮಗನ ಕಾಲದಲ್ಲಿ ಇನ್ನೂ ಬಲಿಯಿತು, ವಿಜಯನಗರದ ಅಮರನಾಯಕರ ವ್ಯವಸ್ಥೆಯ ಬೇರುಗಳನ್ನು ಇಲ್ಲಿ ಕಾಣುವವರೂ ಇದ್ದಾರೆ.

ಕೊನೆಯ ಏಟು ಬಂದದ್ದು ಮನೆಯವನಂತಿದ್ದವನಿಂದ. ಕಾಯಸ್ಥ ವಂಶದ ಅಂಬದೇವ ಅಣ್ಣಂದಿರ ನಂತರ 1272ರ ಸುಮಾರಿಗೆ ಅಧಿಕಾರ ಹಿಡಿದು, ಮೆಲ್ಲಗೆ ಸುತ್ತಲಿನ ನಾಡುಗಳನ್ನು ನುಂಗುತ್ತ, ಒಡತಿಯ ವಿರುದ್ಧವೇ ನಿಂತ. ತ್ರಿಪುರಾಂತಕದ 1290ರ ಶಾಸನದಲ್ಲಿ ಅವನು ಗೆದ್ದವರ ಪಟ್ಟಿ ಉದ್ದವಿದೆ. ಮಲ್ಲಿಕಾರ್ಜುನ ಎಂಬವನ ಏಳು ರಾಜ್ಯಾಂಗಗಳನ್ನು ಕಸಿದುಕೊಂಡೆ ಎಂದೂ ಇದೆ. ರುದ್ರಮಳ ಹೆಸರಿಲ್ಲ. ಬಹಳ ಕಾಲ ಚರಿತ್ರೆಕಾರರು ಆಕೆ 1295ರ ವರೆಗೂ ಬದುಕಿದ್ದಳೆಂದೇ ಬರೆದರು.

ಆಮೇಲೆ ನಲ್ಗೊಂಡ ಜಿಲ್ಲೆಯ ಚಂದುಪಟ್ಲ ಎಂಬ ಸಣ್ಣ ಊರಿನಲ್ಲಿ ಒಂದು ಶಾಸನ ಬೆಳಕಿಗೆ ಬಂತು. ಶಾಸನತಜ್ಞ ಪಿ.ವಿ. ಪರಬ್ರಹ್ಮ ಶಾಸ್ತ್ರಿ ಅದರ ಮಹತ್ವವನ್ನು ಬಿಡಿಸಿ ತೋರಿಸಿದರು. ಬರೆಸಿದವನು ರಾಜನಲ್ಲ, ಮಂತ್ರಿಯಲ್ಲ; ಪುವ್ವುಲ ಮುಮ್ಮಡಿ ಎಂಬ ಒಬ್ಬ ಸೇವಕ. ಶಕ 1211, ವಿರೋಧಿ ಸಂವತ್ಸರ, ಮಾರ್ಗಶಿರ ಶುದ್ಧ ದ್ವಾದಶಿ, ಅಂದರೆ 1289ರ ನವೆಂಬರ್ ತಿಂಗಳು. ಕಾಕತಿ ರುದ್ರಮದೇವಿಯವರೂ ಸೇನಾನಿ ಮಲ್ಲಿಕಾರ್ಜುನ ನಾಯಕರೂ ಶಿವಲೋಕ ಸೇರಿದ್ದಕ್ಕೆ, ಅವರಿಗೆ ಪುಣ್ಯವಾಗಲೆಂದು ಊರ ದೇವರಿಗೆ ಭೂಮಿ ಬಿಟ್ಟಿದ್ದಾನೆ. ಒಡತಿ ಮತ್ತು ಸೇನಾನಿ ಒಟ್ಟಿಗೆ ತೀರಿಕೊಂಡಿದ್ದಾರೆ; ಆ ಸೇನಾನಿಯನ್ನು ನಾಶಮಾಡಿದೆನೆಂದು ಮರುವರ್ಷವೇ ಅಂಬದೇವ ಕೊಚ್ಚಿಕೊಂಡಿದ್ದಾನೆ. ಈ ಎರಡು ಕಲ್ಲುಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ, ಮುಪ್ಪಿನಲ್ಲೂ ದಂಡಿನೊಂದಿಗೆ ಹೊರಟ ಆಕೆ ಅಂಬದೇವನ ಮೇಲಿನ ಕಾಳಗದಲ್ಲೇ ಮಡಿದಿರಬೇಕೆಂದು ಶಾಸ್ತ್ರಿಯವರೂ ಅವರ ನಂತರದವರೂ ಊಹಿಸಿದರು. ಮುದುಕಿಯೊಬ್ಬಳನ್ನು ಕೊಂದೆನೆಂದು ಕಲ್ಲಿನ ಮೇಲೆ ಬರೆಸಿಕೊಳ್ಳಲು ಅಂಬದೇವನಿಗೂ ಮನಸ್ಸಾಗಿರಲಿಕ್ಕಿಲ್ಲ. ಈ ಶಾಸನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ಎಷ್ಟೋ ಶಾಸನಗಳು ರುದ್ರದೇವ ಮಹಾರಾಜ ಎನ್ನುತ್ತಿದ್ದ ಕಾಲದಲ್ಲಿ ಆ ಸೇವಕ ಆಕೆಯನ್ನು ರುದ್ರಮದೇವಿ ಎಂದೇ ಬರೆಸಿದ.

ಪ್ರತಾಪರುದ್ರ ಮೊದಲು ಅಂಬದೇವನನ್ನು ಮುಗಿಸಿದ. ಅವನಿಗೆ ಬೆಂಬಲ ಕೊಟ್ಟಿದ್ದ ಸೇವುಣರ ಕಡೆಗೆ ಆಮೇಲೆ ತಿರುಗಿದ. ಆ ತಿರುಗುವಿಕೆಯ ಫಲವೇ ವಿಠ್ಠಲನ ದಂಡಯಾತ್ರೆ: ಆದವಾನಿ, ತುಂಬುಳ, ಮಾನ್ವಿ, ಹಾಲುವ, ರಾಯಚೂರು. 1323ರಲ್ಲಿ ದೆಹಲಿಯ ಸೇನೆ ಓರುಗಲ್ಲನ್ನು ಕೆಡವಿತು. ರಾಯಚೂರು ಕೋಟೆ ಬಹಮನಿಯರಿಗೆ, ವಿಜಯನಗರಕ್ಕೆ, ಆದಿಲಶಾಹಿಗೆ ಹೋಯಿತು, 1520ರಲ್ಲಿ ಕೃಷ್ಣದೇವರಾಯ ಅದಕ್ಕಾಗಿ ದೊಡ್ಡ ಯುದ್ಧ ಮಾಡಿದ. ಅವೆಲ್ಲ ನಮ್ಮ ಪಾಠಪುಸ್ತಕಗಳಲ್ಲಿ ಇವೆ. ಆ ಕೋಟೆಗೆ ಬುನಾದಿ ಹಾಕಿದ ರಾಜ್ಯವನ್ನು ಉಳಿಸಿ ಕೊಟ್ಟ ಹೆಂಗಸಿನ ಹೆಸರು ರಾಯಚೂರಿನ ಮಕ್ಕಳಿಗೆ ಸಿನಿಮಾದಿಂದ ಗೊತ್ತು, ಕೋಟೆಯಿಂದ ಗೊತ್ತಿಲ್ಲ. ಗೈಡುಗಳೂ ಮೇಷ್ಟ್ರುಗಳೂ 41 ಅಡಿಯ ಕಲ್ಲಿನ ಮುಂದೆ ನಿಂತಾಗ ಪ್ರತಾಪರುದ್ರನ ಜೊತೆ ಅವನ ಅಜ್ಜಿಯ ಹೆಸರನ್ನೂ ಹೇಳಬೇಕು.

ಇಡೀ ಕಥೆಯಲ್ಲಿ ನಿರ್ಣಾಯಕವಾದದ್ದು ಅರಮನೆಯ ಗ್ರಂಥಗಳಿಗಿಂತ ಹಳ್ಳಿಗಳ ಒಂಟಿ ಕಲ್ಲುಗಳು. ನಮ್ಮ ಜಿಲ್ಲೆಗೆ ಇದು ಚೆನ್ನಾಗಿ ಅರ್ಥವಾಗಬೇಕಾದ ಮಾತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಬರಹವನ್ನು ಕಾಣುವವರೆಗೆ, ಶಾಸನಗಳ ‘ದೇವಾನಾಂಪ್ರಿಯ’ ಯಾರೆಂಬುದಕ್ಕೆ ಅಶೋಕ ಎಂಬ ಹೆಸರೇ ಯಾವ ಬಂಡೆಯಲ್ಲೂ ಸಿಕ್ಕಿರಲಿಲ್ಲ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಂಥ ಊರುಗಳಲ್ಲಿ ಚಾಲುಕ್ಯರ ಕಾಲದ ಗುಡಿಗಳೂ ಶಾಸನಗಳೂ ಊರ ನಡುವೆಯೇ ಇವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿದೆ. ಆದರೂ ಸುಣ್ಣ ಬಳಿದ, ಎಣ್ಣೆ ಬಣ್ಣ ಹಚ್ಚಿದ, ಅರ್ಧ ಮಣ್ಣಲ್ಲಿ ಹೂತ ಕಲ್ಲುಗಳು ಎಲ್ಲ ಹಳ್ಳಿಗಳಲ್ಲೂ ಉಳಿದಿರುತ್ತವೆ.

ಮಲ್ಲಟ, ಮಾನ್ವಿ, ದೇವದುರ್ಗ ಸೀಮೆಯವರಲ್ಲಿ ಒಂದು ಕೋರಿಕೆ. ಅಗಸೆಯ ಬಳಿ, ಹಳೆಯ ಬಾವಿಯ ಮೆಟ್ಟಿಲಲ್ಲಿ, ಹನುಮಪ್ಪನ ಗುಡಿಯ ಕಟ್ಟೆಯಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಅದರ ಮೇಲೆ ಬಣ್ಣ ಬಳಿಯಬೇಡಿ, ಒಡೆದು ಅಡಿಪಾಯಕ್ಕೆ ಹಾಕಬೇಡಿ. ಬರೀ ನೀರಿನಿಂದ ತೊಳೆದು, ಇಳಿಬಿಸಿಲಿನಲ್ಲಿ ಪಕ್ಕದಿಂದ ಬೆಳಕು ಬೀಳುವಾಗ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಅಕ್ಷರ ಎದ್ದು ಕಾಣುತ್ತದೆ. ಅದನ್ನು ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೋ ಪುರಾತತ್ವ ಇಲಾಖೆಗೋ ಮುಟ್ಟಿಸಿ.